ಬಸುರಿಯ ಎದೆ ತೆರೆದ ದಿನ

ಹೃದಯಕ್ಕೆ ನಳಿಗೆ ತೂರಿಸುವ ಕ್ಯಾಥ್ ಲ್ಯಾಬಿನಿಂದ ಫೋನ್ ಬಂದಾಗ ನಾನು ಆಪರೇಷನ್ ಥಿಯೇಟರಿನಲ್ಲಿ ಬೆಳಗಿನ ಕೇಸು ಮುಗಿಸಿ ಯಂತ್ರ ಒರೆಸುತ್ತಿದ್ದೆ. ಅರಿವಳಿಕೆ ಡಾಕ್ಟರು ಹಲೋ ಕೂಡ ಅನ್ನಲಿಲ್ಲ.

"ಪಂಪ್ ರೆಡಿ ಮಾಡಿ. ಆ ಬಸುರಿ ಹುಡುಗಿ. ಎಸಳು ಹರಿದಿದೆ," ಅಂದು ಇಟ್ಟುಬಿಟ್ಟರು.

ಪಂಪ್ ಅಂದರೆ ಹೃದಯ-ಶ್ವಾಸಕೋಶ ಯಂತ್ರ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹೃದಯವನ್ನು ನಿಲ್ಲಿಸಬೇಕಾಗುತ್ತದೆ. ಅಷ್ಟು ಹೊತ್ತು ಮೈಯ ರಕ್ತವನ್ನು ಹೊರಗೆ ತಂದು, ಆಮ್ಲಜನಕ ತುಂಬಿ, ಬೇಕಾದಷ್ಟು ಬೆಚ್ಚಗೆ ಮಾಡಿ ಮತ್ತೆ ಮೈಗೆ ತಳ್ಳುವುದು ಈ ಯಂತ್ರ. ಅದನ್ನು ನಡೆಸುವವಳು ನಾನು. ಪರ್‌ಫ್ಯೂಷನಿಸ್ಟ್ ಅಂತ ನಮ್ಮನ್ನು ಕರೆಯುತ್ತಾರೆ. ಜಾಲಹಳ್ಳಿಯಲ್ಲಿರುವ ನನ್ನಮ್ಮ ಮಾತ್ರ ಇವತ್ತಿಗೂ ನೆಂಟರಿಗೆ "ಮಗಳು ಆಸ್ಪತ್ರೆಯಲ್ಲಿ ಪಂಪ್ ನೋಡ್ಕೋತಾಳೆ" ಅಂತಲೇ ಹೇಳುವುದು. ಕೇಳಿದವರು ಬೋರ್‌ವೆಲ್ ಪಂಪ್ ಅಂದುಕೊಂಡು ಸುಮ್ಮನಾಗುತ್ತಾರೆ.

ಆ ಹುಡುಗಿಯನ್ನು ಹಿಂದಿನ ದಿನ ವಾರ್ಡಿನಲ್ಲಿ ನೋಡಿದ್ದೆ. ದೊಡ್ಡನೆಕ್ಕುಂದಿಯ ಹಳೇ ಊರಿನ ಮನೆಗೆ ಸೊಸೆಯಾಗಿ ಬಂದವಳು. ಮಹದೇವಪುರದ ಒಂದು ಟೆಕ್ ಪಾರ್ಕಿನಲ್ಲಿ ಕ್ಯಾಬ್‌ಗಳನ್ನು ಕಳಿಸುವ ಡೆಸ್ಕಿನಲ್ಲಿ ಕೆಲಸ. ದಿನವಿಡೀ ಫೋನಿನಲ್ಲಿ ಡ್ರೈವರುಗಳ ಜೊತೆ ಮಾತು. ಐದನೇ ತಿಂಗಳಿಗೆ ಬಂದಾಗ ಒಂದು ವಾಕ್ಯ ಪೂರ್ತಿ ಹೇಳುವುದರೊಳಗೆ ಅವಳಿಗೆ ಉಸಿರು ಸಿಕ್ಕಿಕೊಳ್ಳತೊಡಗಿತ್ತು. "ಅಣ್ಣ, ಗೇಟ್ ಎರಡಕ್ಕೆ ಬನ್ನಿ ಅನ್ನೋಕೆ ಎರಡು ಸಲ ನಿಲ್ಲಿಸ್ತಿದ್ದೆ ಮೇಡಂ," ಅಂತ ನಗುತ್ತಲೇ ಹೇಳಿದ್ದಳು. ಬಸುರಿಗೆ ಏದುಸಿರು ಸಹಜ ಅಂತ ಮನೆಯಲ್ಲಿ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಚಿಕ್ಕವಳಿದ್ದಾಗ ಬಂದ ಕೀಲುಜ್ವರ ಸದ್ದಿಲ್ಲದೆ ಅವಳ ಹೃದಯದ ಎಡಭಾಗದ ಕವಾಟವನ್ನು ಕೆಡಿಸಿತ್ತು. ಬಾಗಿಲಿನ ಹಾಗೆ ತೆರೆದು ಮುಚ್ಚಬೇಕಾದ ಎರಡು ಎಸಳುಗಳು ಅಂಟಿಕೊಂಡು, ನಡುವೆ ಬಟನ್ ತೂತಿನಷ್ಟು ಸಂದು ಉಳಿದಿತ್ತು. ಬಸುರಿನಲ್ಲಿ ಮೈಯ ರಕ್ತ ಹೆಚ್ಚಾಗುತ್ತದೆ. ಅಷ್ಟು ರಕ್ತ ಆ ಸಂದಿನಲ್ಲಿ ಹೋಗಲಾರದೆ ಶ್ವಾಸಕೋಶದೊಳಗೆ ನಿಂತುಬಿಟ್ಟಿತ್ತು.

ಇದಕ್ಕೆ ಮೊದಲ ಉಪಾಯ ಬಲೂನು. ತೊಡೆಯ ಸಂದಿನಿಂದ ಸಣ್ಣ ನಳಿಗೆ ತೂರಿಸಿ, ಕವಾಟದ ನಡುವೆ ಬಲೂನು ಊದಿ, ಅಂಟಿಕೊಂಡ ಎಸಳುಗಳನ್ನು ಬಿಡಿಸುವುದು. ಹೆಚ್ಚಿನವರಿಗೆ ಅಷ್ಟರಲ್ಲೇ ಮುಗಿಯುತ್ತದೆ. ಒಮ್ಮೊಮ್ಮೆ ಎಸಳು ಬಿಡಿಸಿಕೊಳ್ಳುವ ಬದಲು ಹರಿದುಹೋಗುತ್ತದೆ. ಆಗ ಎದೆ ತೆರೆದು ಹೊಸ ಕವಾಟ ಕೂರಿಸದೆ ವಿಧಿಯಿಲ್ಲ. ಹಾಗಾದೀತೆಂದೇ ನಮ್ಮ ಸರ್ಜನ್ ಹಿಂದಿನ ದಿನವೇ ಅವಳ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಎಲ್ಲ ಹೇಳಿದ್ದರು. ಲೋಹದ ಕವಾಟ ಬಹುಕಾಲ ಬಾಳುತ್ತದೆ, ಆದರೆ ರಕ್ತ ತೆಳುವಾಗಿಡುವ ಮಾತ್ರೆ ಬದುಕಿಡೀ ನುಂಗಬೇಕು, ಅದು ಹೊಟ್ಟೆಯಲ್ಲಿರುವ ಮಗುವಿಗೆ ಆಗಿಬರುವುದಿಲ್ಲ. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಆ ಮಾತ್ರೆಯ ಕಾಟ ಕಡಿಮೆ, ಆದರೆ ಸವೆಯುತ್ತದೆ, ಎಳೆಯ ವಯಸ್ಸಿನವರಲ್ಲಿ ಇನ್ನೂ ಬೇಗ.

"ಸವೆದ್ರೆ ಮತ್ತೆ ಕೊಯ್ಸ್ಕೋತೀನಿ ಸಾರ್. ಈಗ ಇದನ್ನ ಉಳಿಸ್ಕೊಡಿ," ಅಂದಿದ್ದಳು ಹೊಟ್ಟೆಯ ಮೇಲೆ ಕೈಯಿಟ್ಟು.

ಕಾಲ ಬಳಿ ನಿಂತಿದ್ದ ಅತ್ತೆ ರೇಗಿದರು. "ಮೊದ್ಲು ನೀನು ಉಳ್ಕಳವ್ವ. ಮಗಾ ಆಮ್ಯಾಕೆ ಆಯ್ತದೆ."

"ಸುಮ್ನಿರಿ ಅತ್ತೆ, ನೀವು," ಅಂದಳು ಹುಡುಗಿ. ಮೂಲೆಯಲ್ಲಿದ್ದ ಗಂಡ ಇಬ್ಬರನ್ನೂ ನೋಡಿ ತಲೆ ತಗ್ಗಿಸಿದ.

ಈಗ ಅದೇ ಆಗಿತ್ತು. ಬಲೂನು ಊದುವಾಗ ಎಸಳು ಹರಿದಿತ್ತು. ಹೃದಯ ಒತ್ತಿದಾಗಲೆಲ್ಲ ರಕ್ತ ಮುಂದೆ ಹೋಗುವ ಬದಲು ಹಿಂದಕ್ಕೆ, ಶ್ವಾಸಕೋಶಕ್ಕೇ ನುಗ್ಗುತ್ತಿತ್ತು. ಟ್ರಾಲಿಯಲ್ಲಿ ಅವಳನ್ನು ತಂದಾಗ ಮಲಗಿಸಲೂ ಆಗಿರಲಿಲ್ಲ. ಕೂತೇ ಇದ್ದಳು, ಬಾಯಿಯ ಅಂಚಿನಲ್ಲಿ ಗುಲಾಬಿ ಬಣ್ಣದ ನೊರೆ. ಕಣ್ಣುಗಳು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ಹಿಡಿಯುತ್ತಿದ್ದವು. ಮಾತಾಡಲು ನೋಡಿದಳು, ಆಗಲಿಲ್ಲ.

ನನ್ನ ಕೈಗಳು ರೂಢಿಯ ಕೆಲಸ ಮಾಡುತ್ತಿದ್ದವು. ತಲೆ ಮಾತ್ರ ಬೇರೆಯೇ ಲೆಕ್ಕದಲ್ಲಿತ್ತು. ಬಸುರಿಯನ್ನು ಪಂಪಿಗೆ ಹಾಕುವುದು ನಮ್ಮ ಕಸುಬಿನಲ್ಲಿ ಅಪರೂಪ. ನಾನು ಓದಿದ್ದೆ, ಕಾನ್ಫರೆನ್ಸಿನಲ್ಲಿ ಕೇಳಿದ್ದೆ, ಕೈಯಾರೆ ಮಾಡಿರಲಿಲ್ಲ. ಉಳಿದ ರೋಗಿಗಳಲ್ಲಿ ನಾವು ಮೈಯನ್ನು ತಣ್ಣಗೆ ಮಾಡುತ್ತೇವೆ. ತಣ್ಣಗಿನ ಮೈಗೆ ಆಮ್ಲಜನಕ ಕಡಿಮೆ ಸಾಕು, ಅಕಸ್ಮಾತ್ ಯಂತ್ರ ತಡವರಿಸಿದರೂ ಮೆದುಳು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಇಲ್ಲಿ ತಣ್ಣಗೆ ಮಾಡುವ ಹಾಗಿಲ್ಲ, ಚಳಿಗೆ ಗರ್ಭಕೋಶ ಹಿಂಡಿಕೊಳ್ಳುತ್ತದೆ. ಮೈಯನ್ನು ಬೆಚ್ಚಗೇ ಇಡಬೇಕು, ಅಂದರೆ ಯಂತ್ರ ತಡವರಿಸಲೇಬಾರದು. ಯಂತ್ರದ ಕೊಳವೆಗಳಿಗೆ ಮೊದಲು ಸಲೈನ್ ತುಂಬುತ್ತೇವೆ, ಅದು ಮೈಯೊಳಗೆ ಸೇರಿ ರಕ್ತ ತೆಳುವಾಗುತ್ತದೆ. ಬಸುರಿಯ ರಕ್ತ ಮೊದಲೇ ತೆಳು. ಹಾಗಾಗಿ ಕೊಳವೆಗಳನ್ನು ಆದಷ್ಟು ಗಿಡ್ಡ ಮಾಡಿಕೊಂಡೆ, ಸಲೈನಿನ ಜಾಗಕ್ಕೆ ಬ್ಲಡ್ ಬ್ಯಾಂಕಿನಿಂದ ತಾಜಾ ರಕ್ತ ತರಿಸಿ ಹಾಕಿದೆ.

ಅಷ್ಟರಲ್ಲಿ ಹೆರಿಗೆ ವಿಭಾಗದ ಹಿರಿಯ ಡಾಕ್ಟರು ಬಂದರು. ನರೆಗೂದಲಿನ, ಕಡಿಮೆ ಮಾತಿನ ಹೆಂಗಸು. ಹುಡುಗಿಗೆ ಅರಿವಳಿಕೆ ಕೊಟ್ಟ ಮೇಲೆ ಹೊಟ್ಟೆಯ ಮೇಲೆ ಡಾಪ್ಲರ್ ಬಿಲ್ಲೆ ಕಟ್ಟಿ, ಶಸ್ತ್ರಚಿಕಿತ್ಸೆಯ ಹಸಿರು ಬಟ್ಟೆಯ ಕೆಳಗೆ ಕೈ ತೂರಿಸಲು ಜಾಗ ಮಾಡಿಕೊಂಡು ಸ್ಟೂಲಿನ ಮೇಲೆ ಕೂತರು. ಮಗುವಿನ ಎದೆಬಡಿತ ಥಿಯೇಟರಿನ ತುಂಬ ಕೇಳತೊಡಗಿತು. ತಗಡಿನ ಮೇಲೆ ಬೆರಳಲ್ಲಿ ಬೇಗಬೇಗ ಬಡಿದಂಥ ಸದ್ದು.

"ಮಗುವನ್ನ ಈಗಲೇ ಹೊರಗೆ ತೆಗೆಯೋಕೆ ಆಗಲ್ವಾ?" ಅಂತ ಅರಿವಳಿಕೆ ಡಾಕ್ಟರು ಕೇಳಿದರು.

"ತೆಗೀಬಹುದು. ಉಳಿಯಲ್ಲ. ತೀರಾ ಎಳೇದು," ಅಂದರು ಆಕೆ. "ಒಳಗೇ ಇರಬೇಕು. ನೀವೇ ನೋಡ್ಕೊಬೇಕು." ಕೊನೆಯ ಮಾತು ನನ್ನ ಕಡೆ ತಿರುಗಿ ಹೇಳಿದ್ದು.

ನಮ್ಮ ಸರ್ಜನ್ ಧಾರವಾಡದವರು. ದಿನನಿತ್ಯ ಇಂಗ್ಲಿಷಿನಲ್ಲೇ ವ್ಯವಹಾರ. ಆತಂಕ ಹೆಚ್ಚಾದಷ್ಟೂ ಅವರ ಇಂಗ್ಲಿಷ್ ಕಡಿಮೆಯಾಗಿ ಊರ ಮಾತು ಹೊರಗೆ ಬರುತ್ತದೆ. ಅವತ್ತು ಎದೆಮೂಳೆ ಕತ್ತರಿಸುವ ಮೊದಲೇ ಶುರುವಾಗಿತ್ತು.

"ಎಲ್ಲಾರೂ ಕೇಳ್ರಿ. ತಾಯಿ ಮೊದಲು. ಅದರಾಗ ಅನುಮಾನ ಬ್ಯಾಡ. ಕೂಸಿನ ಸಲುವಾಗಿ ಏನೇನ್ ಮಾಡ್ಲಿಕ್ಕೆ ಬರತೈತಿ, ಎಲ್ಲಾ ಮಾಡೋಣ."

ಪಂಪಿನ ನಳಿಗೆಗಳು ಅವಳ ರಕ್ತನಾಳಗಳಲ್ಲಿ ಕೂತವು. "ಪಂಪ್ ಮ್ಯಾಲೆ ಹೋಗ್ರಿ," ಅಂದರು. ಹಿಡಿಕೆ ತಿರುಗಿಸಿದೆ. ಕಪ್ಪು ಕೆಂಪಿನ ರಕ್ತ ನನ್ನ ಕಡೆ ಇಳಿದು ಬಂತು, ತಿಳಿಕೆಂಪಾಗಿ ವಾಪಸ್ ಹೋಯಿತು. ಹರಿವು ಪೂರ್ತಿಗೆ ಬರುತ್ತಿದ್ದಂತೆ ಮಗುವಿನ ಬಡಿತದ ಸದ್ದು ನಿಧಾನವಾಯಿತು. ನನಗೆ ಕೇಳಿಸಿತು, ಆದರೆ ಬೇರೆ ಯಾರಾದರೂ ಹೇಳಲಿ ಅಂತ ಕಾದೆ.

"ಎಂಬತ್ತಕ್ಕೆ ಬಂತು," ಅಂದರು ಹೆರಿಗೆ ಡಾಕ್ಟರು. ಶುರುವಿನಲ್ಲಿ ನೂರೈವತ್ತರ ಹತ್ತಿರ ಇತ್ತು.

ಹೀಗಾಗುತ್ತದೆಂದು ಓದಿದ್ದೆ. ತಾಯಿಯ ಬಡಿಯುವ ಹೃದಯದಿಂದ ಬರುತ್ತಿದ್ದ ರಕ್ತ ಥಟ್ಟನೆ ಯಂತ್ರದಿಂದ ಬರತೊಡಗಿದಾಗ ಮಗುವಿಗೆ ಸಿಗುವ ಪಾಲು ಕುಗ್ಗುತ್ತದೆ. ಔಷಧಿ ಕೊಟ್ಟು ರಕ್ತನಾಳ ಬಿಗಿಸಿ ಒತ್ತಡ ಏರಿಸಬಹುದಿತ್ತು, ಆದರೆ ಆಗ ಗರ್ಭಕೋಶಕ್ಕೆ ಹೋಗುವ ನಾಳಗಳೂ ಬಿಗಿಯುತ್ತವೆ. ಉಳಿದದ್ದು ಒಂದೇ ದಾರಿ, ಹರಿವು ಹೆಚ್ಚಿಸುವುದು. ಹೆಚ್ಚಿಸಿದೆ. ಅವಳ ಮೈಯಳತೆಗೆ ನಾನು ಸಾಮಾನ್ಯವಾಗಿ ಇಡುವುದಕ್ಕಿಂತ ಬಹಳ ಮೇಲೆ. ತಕ್ಷಣ ಇನ್ನೊಂದು ತೊಂದರೆ ತಲೆಯೆತ್ತಿತು. ನನ್ನ ಮುಂದಿನ ಪಾರದರ್ಶಕ ಡಬ್ಬಿಯಲ್ಲಿ ಮೈಯಿಂದ ಬಂದ ರಕ್ತ ಶೇಖರವಾಗುತ್ತದೆ. ಅದರ ಮಟ್ಟ ಇಳಿಯತೊಡಗಿತು. ನಾನು ತಳ್ಳುವಷ್ಟು ವೇಗದಲ್ಲಿ ರಕ್ತ ವಾಪಸ್ ಬರುತ್ತಿರಲಿಲ್ಲ. ಡಬ್ಬಿ ಬರಿದಾದರೆ ಪಂಪು ಗಾಳಿ ತಳ್ಳುತ್ತದೆ. ಗಾಳಿ ಮೆದುಳಿಗೆ ಹೋದರೆ ಮುಗಿಯಿತು. ಅಲಾರಾಂ ಕಿರುಚಿತು.

"ಏನದು?" ಸರ್ಜನ್ ತಲೆಯೆತ್ತಲಿಲ್ಲ.

"ರಿಟರ್ನ್ ಕಡಿಮೆ ಸಾರ್. ಕೆಳಗಿನ ಲೈನ್."

"ಗರ್ಭಕೋಶ ಅಭಿಧಮನಿಯ ಮೇಲೆ ಕೂತಿದೆ," ಅಂದರು ಹೆರಿಗೆ ಡಾಕ್ಟರು. "ಟೇಬಲ್ ಎಡಕ್ಕೆ ಇನ್ನೂ ವಾಲಿಸಿ."

ವಾಲಿಸಿದರೆ ಸರ್ಜನ್‌ಗೆ ಹೃದಯ ಓರೆಯಾಗಿ ಕಾಣುತ್ತದೆ. ಅವರು ತಮ್ಮ ಕಾಲಡಿಯ ಮೆಟ್ಟಿಲನ್ನು ಸರಿಸಿಕೊಂಡರು. ಟೇಬಲ್ ವಾಲಿತು. ಡಬ್ಬಿಯ ಮಟ್ಟ ಬೆರಳಗಲ ಏರಿತು, ಮತ್ತೆ ಬೆರಳಗಲ. ಇನ್ನೊಂದು ಚೀಲ ರಕ್ತ ಸೇರಿಸಿದೆ. ಡಾಪ್ಲರಿನ ಸದ್ದು ಚುರುಕಾಗುತ್ತ ಬಂದು ನೂರಿಪ್ಪತ್ತರ ಸುಮಾರಿಗೆ ನಿಂತಿತು. ಹೆರಿಗೆ ಡಾಕ್ಟರು ನನ್ನ ಕಡೆ ನೋಡಿ ತಲೆಯಾಡಿಸಿದರು.

ಆಮೇಲೆ ಸರ್ಜನ್ ಮಹಾಧಮನಿಗೆ ಕ್ಲ್ಯಾಂಪ್ ಹಾಕಿ, ಹೃದಯ ನಿಲ್ಲಿಸುವ ಪೊಟ್ಯಾಸಿಯಂ ದ್ರವ ಬಿಡಲು ಹೇಳಿದರು. ಆ ದ್ರವ ಮೈಯೊಳಗೆ ಹೋದರೆ ಮಗುವಿಗೂ ಕೇಡು, ಅದಕ್ಕೇ ಹೃದಯದಿಂದ ಹೊರಬಂದ ಹಾಗೇ ಅದನ್ನು ಹೀರಿ ಚೆಲ್ಲುವ ಏರ್ಪಾಡು ಮಾಡಿಕೊಂಡಿದ್ದೆವು. ಮಾನಿಟರಿನ ಮೇಲಿನ ಗೆರೆ ಅಗಲವಾಯಿತು, ಸೋತಿತು, ಸಪಾಟಾಯಿತು.

ಸಪಾಟು ಗೆರೆ ನಾನು ದಿನಾ ನೋಡುವಂಥದ್ದು. ಆದರೆ ತಾಯಿಯ ಎದೆ ನಿಂತು, ಅವಳ ಹೊಟ್ಟೆಯಿಂದ ಇನ್ನೊಂದು ಎದೆಯ ಸದ್ದು ಟಕಟಕ ಕೇಳುತ್ತಲೇ ಇದ್ದದ್ದನ್ನು ಅವತ್ತೇ ಕಂಡದ್ದು. ನರ್ಸು ಒಂದು ಕ್ಷಣ ಕೈಯಲ್ಲಿದ್ದ ಚಿಮಟವನ್ನು ಹಾಗೇ ಹಿಡಿದು ನಿಂತಳು. ಆ ಟಕಟಕ ನನ್ನ ಬೆರಳಿನಡಿಯ ಹಿಡಿಕೆಗೆ ಕಟ್ಟಿದ ಹಾಗೆ ಅನ್ನಿಸಿತು.

ಹೃದಯದ ಎಡಮೇಲ್ಕೋಣೆ ತೆರೆದರು. ಒಂದು ಎಸಳು ಬುಡದವರೆಗೆ ಸೀಳಿತ್ತು. ಎರಡನ್ನೂ ಕತ್ತರಿಸಿ ತೆಗೆದರು. ಆದರೆ ಕವಾಟ ಕೂರುವ ಉಂಗುರದ ಹಿಂಭಾಗದಲ್ಲಿ ಸುಣ್ಣ ಕಟ್ಟಿ ಕಲ್ಲಿನಂತಾಗಿತ್ತು. ಅದನ್ನು ಕೆರೆದರೆ ಹೃದಯದ ಗೋಡೆಯೇ ಕಿತ್ತು ಬರುವ ಭಯ, ಕೆರೆಯದಿದ್ದರೆ ಹೊಲಿಗೆ ಹಿಡಿಯುವುದಿಲ್ಲ. ಸರ್ಜನ್ ಸ್ವಲ್ಪ ಸ್ವಲ್ಪವೇ ಪುಡಿ ಮಾಡುತ್ತ, ನಡುನಡುವೆ ಉಸಿರು ಬಿಡುತ್ತ ಕೆಲಸ ಮಾಡಿದರು. ಅತ್ತ ನರ್ಸು ಅಂಗಾಂಶದ ಕವಾಟವನ್ನು ಅದರ ರಾಸಾಯನಿಕದಿಂದ ತೆಗೆದು ಸಲೈನಿನ ಬಟ್ಟಲುಗಳಲ್ಲಿ ಒಂದಾದ ಮೇಲೊಂದರಂತೆ ಜಾಲಾಡಿಸುತ್ತಿದ್ದಳು. ಉಂಗುರದ ಸುತ್ತ ಹೊಲಿಗೆಗಳು ಒಂದೊಂದಾಗಿ ಕೂತವು.

ಹಿಂಭಾಗದ ಹೊಲಿಗೆಗೆ ಬಂದಾಗ ಡಾಪ್ಲರಿನ ಸದ್ದು ಮಂಕಾಯಿತು. ಗೊರಗೊರ ಅಂದಿತು. ಆಮೇಲೆ ಬರೀ ಸುಂಯ್ ಅನ್ನುವ ಗಾಳಿಸದ್ದು.

ಹೆರಿಗೆ ಡಾಕ್ಟರು ಬಟ್ಟೆಯ ಕೆಳಗೆ ಕೈ ಆಡಿಸಿದರು. ಬಿಲ್ಲೆಯನ್ನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ಒತ್ತಿದರು. ಏನೂ ಇಲ್ಲ. ಅದೇ ಹೊತ್ತಿಗೆ ಸರ್ಜನ್ ನನಗೆ ಹೇಳಿದರು: "ಫ್ಲೋ ಅರ್ಧಕ್ಕ ಇಳಸ್ರಿ. ರಕ್ತ ತುಂಬಿ ಏನೂ ಕಾಣವಲ್ದು. ಎರಡ್ ಹೊಲಿಗಿ ಅಷ್ಟ."

ಇದು ನಾವು ದಿನಾ ಕೇಳುವ ಮಾತು. ಶ್ವಾಸಕೋಶದ ಕಡೆಯಿಂದ ಸ್ವಲ್ಪ ರಕ್ತ ಸದಾ ಹೃದಯದೊಳಗೆ ಜಿನುಗುತ್ತಿರುತ್ತದೆ. ನಾನು ಹರಿವು ಹೆಚ್ಚಿಟ್ಟಿದ್ದರಿಂದ ಅವತ್ತು ಅದು ಹೊಂಡವಾಗಿತ್ತು. ಸರ್ಜನ್‌ಗೆ ಕಾಣದಿರುವುದಕ್ಕೆ ನಾನೇ ಕಾರಣ. ತಾಯಿಯ ಹೃದಯದ ಅತ್ಯಂತ ದುರ್ಬಲ ಜಾಗದಲ್ಲಿ ಅವರು ಕುರುಡಾಗಿ ಸೂಜಿ ಚುಚ್ಚಬೇಕಾಗಿತ್ತು. ಬೇರೆ ದಿನವಾಗಿದ್ದರೆ ಮಾತು ಮುಗಿಯುವುದರೊಳಗೆ ಇಳಿಸಿರುತ್ತಿದ್ದೆ. ಕೈ ಹಿಡಿಕೆಯ ಮೇಲಿತ್ತು, ತಿರುಗಲಿಲ್ಲ.

"ಸಾರ್, ಇಳಿಸೋಕೆ ಮುಂಚೆ... ಮಗುವಿನ ಬಡಿತ ಸಿಗ್ತಿಲ್ಲ," ಅಂದೆ.

ಸರ್ಜನ್ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. "ಮೇಡಂ, ಐತೋ ಇಲ್ಲೋ ಹೇಳ್ರಿ."

"ಗೊತ್ತಿಲ್ಲ," ಅಂದರು ಹೆರಿಗೆ ಡಾಕ್ಟರು.

"ಗೊತ್ತಿಲ್ಲ ಅಂದ್ರ ಹ್ಯಾಂಗ?"

"ಗರ್ಭಕೋಶ ಕಲ್ಲಾಗಿದೆ ಡಾಕ್ಟರೇ. ಹಿಂಡ್ಕೊಳ್ತಿದೆ. ಅದರಡಿ ಸದ್ದು ಮುಚ್ಚಿಹೋಗಿರಬಹುದು. ಇಲ್ಲ, ಹೋಗೇಬಿಟ್ಟಿರಬಹುದು. ನಾನು ಇದೆ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ."

ಮಗು ಹೋಗಿದ್ದರೆ ನಾನು ಹರಿವು ಏರಿಸಿಟ್ಟು ತಾಯಿಯನ್ನು ಸುಮ್ಮನೆ ಅಪಾಯಕ್ಕೆ ಒಡ್ಡುತ್ತಿದ್ದೆ. ಇದ್ದಿದ್ದರೆ, ಆ ಎರಡು ಹೊಲಿಗೆಗಾಗಿ ಇಳಿಸಿದ ಹರಿವೇ ಅದನ್ನು ಕೊಲ್ಲುತ್ತಿತ್ತು.

"ನಿಮ್ಮ ಕಡಿಂದ ಏನ್ ಮಾಡ್ಲಿಕ್ಕೆ ಬರತೈತಿ?" ಸರ್ಜನ್ ಕೇಳಿದ್ದು ನನ್ನನ್ನು.

"ವೆಂಟ್ ಜೋರು ಮಾಡ್ತೀನಿ ಸಾರ್, ಇನ್ನೊಂದು ಸಕ್ಕರ್ ಕೊಡ್ತೀನಿ. ಹೊಂಡ ಸ್ವಲ್ಪ ಬತ್ತುತ್ತೆ. ಪೂರ್ತಿ ಅಲ್ಲ. ಆದ್ರೆ ಅಷ್ಟು ಜೋರಾಗಿ ಎಳೆದ್ರೆ ರಕ್ತಕಣ ಒಡೆಯುತ್ತೆ. ಕಿಡ್ನಿಗೆ ಹೊಡೆತ ಬೀಳಬಹುದು."

ವೆಂಟ್, ಸಕ್ಕರ್ ಎರಡೂ ಹೃದಯದೊಳಗೆ ತುಂಬಿದ ರಕ್ತ ಹೀರುವ ಕೊಳವೆಗಳು. ಸರ್ಜನ್ ಮತ್ತೆ ಹೃದಯದೊಳಗೆ ನೋಡಿದರು.

"ಐತಿ ಅಂತನ ತಿಳ್ಕೊಂಡು ನಡಸೋಣ," ಅಂದರು. "ಫ್ಲೋ ಇಳಸಬ್ಯಾಡ್ರಿ. ಎಳೀರಿ."

ಎಳೆದೆ. ಹೊಂಡ ಬತ್ತಿತು, ಮತ್ತೆ ತುಂಬಿತು. ತುಂಬುವುದರೊಳಗೆ ಒಂದು ಹೊಲಿಗೆ. ಬತ್ತುವುದನ್ನು ಕಾಯುವುದು, ಇನ್ನೊಂದು. ಸುಲಭದಲ್ಲಿ ಮುಗಿಯಬೇಕಿದ್ದ ಕೆಲಸ ಎಳೆಯಿತು. ಹೆರಿಗೆ ಡಾಕ್ಟರು ಗರ್ಭಕೋಶ ಸಡಿಲಾಗಲು ಅರಿವಳಿಕೆಯ ಆವಿ ಹೆಚ್ಚಿಸಲು ಹೇಳಿದರು. ಆ ಆವಿ ಹೋಗುವುದೂ ನನ್ನ ಯಂತ್ರದ ಮೂಲಕವೇ. ಹೆಚ್ಚಿಸಿದೆ, ರಕ್ತದೊತ್ತಡ ಬಿತ್ತು. ಅದನ್ನು ಎತ್ತಲು ಹರಿವನ್ನು ಇನ್ನೂ ಮೇಲಕ್ಕೆ ಒಯ್ದೆ. ಕೊಳವೆಯೊಳಗಿನ ಒತ್ತಡದ ಅಂಕಿ ನಾನು ಯಾವತ್ತೂ ದಾಟದ ಗೆರೆ ದಾಟಿತು. ಎಲ್ಲಾದರೂ ಒಂದು ಜೋಡಣೆ ಕಳಚಿಕೊಂಡರೆ ಅವಳ ರಕ್ತವೆಲ್ಲ ನೆಲದ ಮೇಲೆ. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಕೈಯಲ್ಲಿ ಕ್ಲ್ಯಾಂಪ್. ಕಣ್ಣು ಡಬ್ಬಿಯ ಮಟ್ಟದ ಮೇಲೆ. ಕಿವಿ ಮಾತ್ರ ಆ ಸುಂಯ್ ಸದ್ದಿನೊಳಗೆ ಏನನ್ನೋ ಹುಡುಕುತ್ತಿತ್ತು.

ಕವಾಟ ಕೂತಿತು. ಗಂಟುಗಳು ಬಿದ್ದವು. ಹೃದಯ ಮುಚ್ಚಿ, ಗಾಳಿ ಹೊರಡಿಸಿ, ಕ್ಲ್ಯಾಂಪ್ ತೆಗೆದರು. ಹೃದಯ ನಡುಗಿತು, ಬಡಿಯಲಿಲ್ಲ. ಒಂದು ಶಾಕ್ ಕೊಟ್ಟರು. ತಡೆದು, ಒಂದು ಬಡಿತ. ಆಮೇಲೆ ಇನ್ನೊಂದು. ಲಯ ಹಿಡಿಯಿತು.

ಅರಿವಳಿಕೆ ಡಾಕ್ಟರು ಅನ್ನನಾಳದಲ್ಲಿಟ್ಟಿದ್ದ ಎಕೋ ನಳಿಗೆಯಿಂದ ನೋಡಿ, "ಕವಾಟ ಚೆನ್ನಾಗಿ ತೆರೀತಿದೆ. ಹಿಂದೆ ಒಂದು ಲೀಕ್ ಇದೆ," ಅಂದರು.

ಎಲ್ಲಿ ಅಂತ ಯಾರೂ ಕೇಳಲಿಲ್ಲ. ರಕ್ತದ ಹೊಂಡದಲ್ಲಿ ಹಾಕಿದ ಆ ಎರಡು ಹೊಲಿಗೆಗಳ ನಡುವೆ ಸಣ್ಣ ಚಿಲುಮೆಯಂತೆ ರಕ್ತ ಹಿಂದಕ್ಕೆ ಚಿಮ್ಮುತ್ತಿತ್ತು.

"ಎಷ್ಟು?"

"ಸಣ್ಣದು. ಆದ್ರೆ ಇದೆ."

ಮತ್ತೆ ಹೃದಯ ನಿಲ್ಲಿಸಿ, ಮತ್ತೆ ತೆರೆದು ಒಂದು ಹೊಲಿಗೆ ಸೇರಿಸಬಹುದಿತ್ತು. ಸರ್ಜನ್ ಪರದೆಯನ್ನು ಹಲವು ಕೋನಗಳಲ್ಲಿ ತೋರಿಸಲು ಹೇಳಿ ನೋಡಿದರು. ತಮ್ಮ ಕೆಲಸದಲ್ಲಿ ಕೂದಲೆಳೆಯಷ್ಟು ಓರೆ ಬಿಟ್ಟವರಲ್ಲ ಅವರು. ಕಡೆಗೆ, "ಇದರ ಜೋಡಿ ಆಕಿ ಬದುಕಬಲ್ಲಳು. ಮತ್ತ ಒಳಗ ಹೋದ್ರ ಕೂಸು ತಾಳೂದಿಲ್ಲ. ಪಂಪ್ ಬಿಡಿಸ್ರಿ," ಅಂದರು.

ಇದೆಯೋ ಇಲ್ಲವೋ ಗೊತ್ತಿಲ್ಲದ ಮಗುವಿಗಾಗಿ ಅವರು ಆ ಲೀಕ್ ಉಳಿಸಿಕೊಂಡರು. ನಾನು ಹರಿವನ್ನು ಮೆಲ್ಲಗೆ ಇಳಿಸುತ್ತ ಹೋದೆ. ಅವಳ ಹೃದಯ ಹೊರೆಯನ್ನು ಇಷ್ಟಿಷ್ಟೇ ವಹಿಸಿಕೊಂಡಿತು. ಪಂಪ್ ನಿಂತಿತು.

ಎದೆ ಮುಚ್ಚುವಾಗ ಹೆರಿಗೆ ಡಾಕ್ಟರು ಡಾಪ್ಲರ್ ಬಿಟ್ಟು ಸಣ್ಣ ಸ್ಕ್ಯಾನಿಂಗ್ ಯಂತ್ರ ತರಿಸಿಕೊಂಡರು. ಬಟ್ಟೆಯ ಕೆಳಗೆ ಕೈ ಹಾಕಿ ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಏನಾದರೂ ತಿಳಿಯುತ್ತದಾ ಅಂತ ನಾನು ನೋಡುತ್ತಿದ್ದೆ, ಏನೂ ತಿಳಿಯಲಿಲ್ಲ. ಆಮೇಲೆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಬೂದು ಮಂಜಿನ ನಡುವೆ ಅಕ್ಕಿಕಾಳಿನಷ್ಟು ಏನೋ ಮಿಣುಕುತ್ತಿತ್ತು. ನಿಧಾನ, ಆದರೆ ಮಿಣುಕುತ್ತಿತ್ತು.

"ಇದೆ," ಅಂದರು.

ಸರ್ಜನ್ ಒಂದು ಸಲ ನೋಡಿ ಮತ್ತೆ ಹೊಲಿಗೆಗೆ ಬಗ್ಗಿದರು. ನಾನು ಯಂತ್ರದ ಹಿಂದೆ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಐಸಿಯುಗೆ ಅವಳನ್ನು ಸಾಗಿಸುವಾಗ ಮೂತ್ರದ ಚೀಲದ ಕಡೆ ಕಣ್ಣು ಹೋಯಿತು. ಕೋಕಂ ಶರಬತ್ತಿನ ಬಣ್ಣ. ಒಡೆದ ರಕ್ತಕಣಗಳು. ನಾನು ಎಳೆದದ್ದಕ್ಕೆ ಬಂದ ಫಲ. ಅದು ಮೂತ್ರಪಿಂಡದ ನಳಿಕೆಗಳಲ್ಲಿ ಕಟ್ಟಿಕೊಂಡರೆ ಡಯಾಲಿಸಿಸ್ ಬೇಕಾಗಬಹುದು, ಡಯಾಲಿಸಿಸ್ ಬಂದರೆ ಮಗು ಉಳಿಯುವುದು ಕಷ್ಟ. ಐಸಿಯು ಡಾಕ್ಟರು ದ್ರವ ಏರಿಸಿ, ಮೂತ್ರ ಚೆನ್ನಾಗಿ ಹರಿಯುವಂತೆ ನೋಡಿಕೊಂಡರು. ನಾನು ಕೇಸುಗಳ ನಡುವೆ ಬಿಡುವಾದಾಗಲೆಲ್ಲ ಮಂಚದ ಬಳಿ ಹೋಗಿ ಬಗ್ಗಿ ಆ ಚೀಲ ನೋಡಿ ಬರುತ್ತಿದ್ದೆ. ಐಸಿಯು ನರ್ಸುಗಳಿಗೆ ನಗು. "ಮೇಡಂ, ಪೇಷಂಟ್ ಮುಖ ಮೇಲ್ಗಡೆ ಇರೋದು," ಅಂದಳು ಒಬ್ಬಳು. ನನಗೆ ನಗು ಬರಲಿಲ್ಲ. ಮರುದಿನದ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಅಂಕಿ ಏರಿತ್ತು. ಅದರ ಮರುದಿನ ಇನ್ನೂ ಏರಿತ್ತು. ಗರ್ಭಕೋಶ ಆಗಾಗ ಹಿಂಡುತ್ತಲೂ ಇತ್ತು.

ಲಿಫ್ಟಿನ ಹತ್ತಿರ ಅತ್ತೆ ನನ್ನನ್ನು ತಡೆದರು. ಮೂರು ಹೊತ್ತೂ ಅಲ್ಲೇ ಕುರ್ಚಿಯ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದರು.

"ನೀನೇ ಅಂತಲ್ಲವ್ವ, ನಮ್ಮುಡುಗಿ ಎದೆ ನಿಂತೋದಾಗ ಮಿಸಿನ್ ನಡ್ಸಿದ್ದು?"

"ಹೌದಮ್ಮ."

"ಎಲ್ಲಾ ಚೆಂದಾಗೈತೆ ಅಂತಾರೆ ಡಾಕ್ಟ್ರು. ಮತ್ತೆ ನೀನ್ಯಾಕೆ ಇಂಗೆ ಮೊಕ ಸಪ್ಪಗೆ ಮಾಡ್ಕಂಡು ಓಡಾಡ್ತೀಯ? ಏನಾರ ಮುಚ್ಚಿಕ್ಕಿದ್ರೆ ಏಳ್ಬಿಡು."

ಹೇಳಬಾರದಿತ್ತೇನೋ. ಮನೆಯವರ ಜೊತೆ ಮಾತಾಡುವುದು ನಮ್ಮ ಕೆಲಸವಲ್ಲ. ಆದರೂ ಆಕೆಯ ಪಕ್ಕದ ಕುರ್ಚಿಯಲ್ಲಿ ಕೂತು, ಯಂತ್ರ ಜೋರಾಗಿ ನಡೆಸಬೇಕಾಗಿ ಬಂದದ್ದನ್ನು, ಅದರಿಂದ ಕಿಡ್ನಿಗೆ ಪೆಟ್ಟಾಗಿರುವುದನ್ನು, ಡಾಕ್ಟರುಗಳು ಅದನ್ನೇ ನೋಡುತ್ತಿರುವುದನ್ನು ಹೇಳಿದೆ. ಯಾಕೆ ಜೋರಾಗಿ ನಡೆಸಿದೆವು ಅನ್ನುವುದನ್ನೂ ಹೇಳಿದೆ.

ಆಕೆ ನನ್ನ ಕಡೆ ತಿರುಗಿದರು. "ಮಗೀಗೋಸ್ಕರವಾ?"

"ಹೌದು."

"ನಾನು ಮಗಾ ಬ್ಯಾಡ, ಸೊಸೆ ಉಳೀಲಿ ಅಂದಿದ್ನಲ್ಲ."

"ಅವರು ಮಗು ಬೇಕು ಅಂದಿದ್ರು ಅಮ್ಮ."

ಬೈಯುತ್ತಾರೆ ಅಂದುಕೊಂಡೆ. ಆಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಅವ್ಳ ಮಾತ್ನೇ ಕೇಳಿದ್ರಿ. ಆಗ್ಲಿ ಬುಡು," ಅಂದರು. ಒಪ್ಪಿಗೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಆಮೇಲೆ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು ಕೈಗಿಟ್ಟರು. "ಉಂಡಂಗಿಲ್ಲ ನೀನು. ತಿನ್ನು."

ಮೂತ್ರದ ಬಣ್ಣ ನಿಧಾನವಾಗಿ ತಿಳಿಯಾಯಿತು. ಕಿಡ್ನಿಯ ಅಂಕಿ ಏರುವುದು ನಿಂತಿತು, ಸ್ವಲ್ಪ ದಿನ ಅಲ್ಲೇ ನಿಂತು ನಮ್ಮನ್ನು ಸತಾಯಿಸಿತು, ಆಮೇಲೆ ಇಳಿಯಿತು. ಗರ್ಭಕೋಶ ಸುಮ್ಮನಾಯಿತು. ಉಸಿರಿನ ನಳಿಗೆ ತೆಗೆದ ಮೇಲೆ ಅವಳು ಮೊದಲು ಕೇಳಿದ್ದು ಮಗುವಿನ ಬಗ್ಗೆಯೇ ಅಂತ ನರ್ಸು ಹೇಳಿದಳು. ಹೆರಿಗೆ ಡಾಕ್ಟರು ಡಾಪ್ಲರ್ ಇಟ್ಟು ಅವಳಿಗೆ ಸದ್ದು ಕೇಳಿಸಿದರಂತೆ. ಅವಳು ಅತ್ತರೆ ಎದೆಯ ಹೊಲಿಗೆ ನೋಯುತ್ತದೆಂದು ಅಳು ತಡೆದುಕೊಂಡಳಂತೆ. ಲೀಕ್ ಹಾಗೇ ಉಳಿಯಿತು. ಪ್ರತಿ ತಪಾಸಣೆಯಲ್ಲೂ ಸರ್ಜನ್ ಅದನ್ನು ಅಳೆಯುತ್ತಿದ್ದರು. ಹೆಚ್ಚಾಗಿಲ್ಲ ಅಂತ ನನಗೂ ಒಂದು ಮಾತು ಹೇಳಿ ಹೋಗುತ್ತಿದ್ದರು.

ಹೆರಿಗೆ ನಮ್ಮ ಆಸ್ಪತ್ರೆಯಲ್ಲೇ ಆಗಬೇಕು, ಸಿಸೇರಿಯನ್, ಪಕ್ಕದಲ್ಲಿ ಪಂಪ್ ಸಿದ್ಧವಿರಬೇಕು ಅಂತ ಎಲ್ಲರೂ ಕೂತು ತೀರ್ಮಾನಿಸಿದ್ದರು. ಹೆರಿಗೆಯಾದ ಕೂಡಲೇ ಗರ್ಭಕೋಶದ ರಕ್ತವೆಲ್ಲ ಒಮ್ಮೆಲೇ ಹೃದಯಕ್ಕೆ ಮರಳುತ್ತದೆ. ಹೊಸ ಕವಾಟ, ಅದರ ಪಕ್ಕದ ಲೀಕ್, ಎರಡೂ ಆ ಪ್ರವಾಹ ತಾಳಬೇಕು. ಒಂಬತ್ತನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಯಂತ್ರವನ್ನು ಹೆರಿಗೆ ಥಿಯೇಟರಿನ ಮೂಲೆಗೆ ತಳ್ಳಿಕೊಂಡು ಹೋಗಿ, ಕೊಳವೆಗಳನ್ನು ಜೋಡಿಸಿ ನಿಂತೆ. ಅವಳಿಗೆ ಎಚ್ಚರವಿತ್ತು, ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಸರ್ಜನ್ ಗೌನು ತೊಟ್ಟು ಗೋಡೆಗೊರಗಿ ಕೈಕಟ್ಟಿ ನಿಂತಿದ್ದರು.

ಮಗು ಹೊರಬಂತು. ಗಂಡು. ಅಳಲಿಲ್ಲ. ಮಕ್ಕಳ ಡಾಕ್ಟರು ಬೆನ್ನು ಉಜ್ಜಿದರು. ಅಂಗಾಲಿಗೆ ತಟ್ಟಿದರು. ನಾನು ನೋಡಬೇಕಾಗಿದ್ದದ್ದು ತಾಯಿಯ ಮಾನಿಟರ್, ನೋಡಿದ್ದೂ ಅದನ್ನೇ, ಆದರೆ ಕಿವಿ ಅತ್ತಲೇ ಇತ್ತು. ಒಂದು ಸಣ್ಣ ಕೆಮ್ಮು. ಆಮೇಲೆ ಕರ್ಕಶವಾದ, ಸಿಟ್ಟಿನ ಅಳು.

"ಮೇಡಂ, ಅವನ ಎದೆ... ಸರಿ ಇದ್ಯಾ?" ಅಂತ ಅವಳು ಪರದೆಯ ಆಚೆಯಿಂದ ಕೇಳಿದಳು. ಒಂದೇ ಉಸಿರಿನಲ್ಲಿ ಪೂರ್ತಿ ಕೇಳಲು ಆಗಲಿಲ್ಲ.

ಮಕ್ಕಳ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕಣ್ಣುಮುಚ್ಚಿ ಕೇಳಿದರು. "ನಿಮ್ಮದಕ್ಕಿಂತ ಚೆನ್ನಾಗಿದೆ ಕಣಮ್ಮ."

ಅವಳು ನಕ್ಕಳು. ನಗುವಿಗೆ ಮಾನಿಟರಿನ ಮೇಲೆ ಅವಳ ನಾಡಿಯ ಅಂಕಿ ಏರಿತು. ಇನ್ನೂ ಏರಿತು. ನನ್ನ ಕೈ ತಾನಾಗಿ ಹಿಡಿಕೆಯ ಹತ್ತಿರ ಹೋಯಿತು. ಸರ್ಜನ್ ಗೋಡೆಯಿಂದ ಬೆನ್ನು ತೆಗೆದರು. ಮಗುವನ್ನು ತಂದು ಅವಳ ಕೆನ್ನೆಗೆ ತಾಗಿಸುತ್ತಿದ್ದ ಹಾಗೇ ಅಂಕಿ ಒಂದು ಕಡೆ ನಿಂತು, ಮೆಲ್ಲಗೆ, ಒಂದೊಂದಾಗಿ, ಕೆಳಗಿಳಿಯತೊಡಗಿತು.

ಪೂರ್ತಿ ಇಳಿಯುವವರೆಗೂ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.